ಲಾನ್ ಮಧ್ಯೆ ಮರ ಇಳಿಸೋ ಕೆಲಸ: ಹುಲ್ಲೂ ಉಳೀಬೇಕು, ಗಿರಾಕಿನೂ ಉಳೀಬೇಕು, ನೀವೆಲ್ಲ ಹೆಂಗೆ ಮಾಡ್ತೀರ?

ಆಲ್ದೂರು ಮರಗಸಿ:
ಎಲ್ರಿಗೂ ನಮಸ್ಕಾರ. ನಮ್ದು ಆಲ್ದೂರು ಕಡೆ ಮರಗಸಿ ಟೀಮು, ಅಂದ್ರೆ ಕಾಫಿ ತೋಟದ ನೆರಳು ಮರಗಳ ಕೊಂಬೆ ಸವರೋರು, ಕಾಫಿ ಹೂ ಅರಳಿಸೋ ಹೂ ಮಳೆ ಆದ್ಮೇಲಿಂದ ಮುಂಗಾರು ಹಿಡಿಯೋವರೆಗೂ ತೋಟದ ಕೆಲಸನೇ ಕೈತುಂಬ ಇರುತ್ತೆ. ಆದ್ರೆ ಇತ್ತೀಚೆಗೆ ಚಿಕ್ಕಮಗಳೂರು ಟೌನಿನ ಮನೆಗಳು, ಕೈಮರ ಮಲ್ಲಂದೂರು ಕಡೆ ಹೋಂಸ್ಟೇಗಳು, ಇವರಿಂದ ಫೋನ್ ಜಾಸ್ತಿ ಬರ್ತಿದೆ. ತೋಟದಲ್ಲಿ ಕಾಫಿ ಗಿಡ ಮುರೀದಂಗೆ ನೋಡ್ಕೊಂಡ್ರೆ ಆಯ್ತು, ಕೊಂಬೆ ನೆಲಕ್ಕೆ ಬಿದ್ದು ಗುಂಡಿ ಆಯ್ತು ಅಂತ ಯಾವ ಸಾಹುಕಾರ್ರೂ ಕೇಳಲ್ಲ. ಇಲ್ಲಿ ಹಂಗಲ್ಲ, ಮರದ ಬುಡದವರೆಗೂ ಮೆಕ್ಸಿಕನ್ ಗ್ರಾಸು, ಮಧ್ಯ ಮಧ್ಯ ನೆಲದ ಲೈಟು, ಸ್ಪ್ರಿಂಕ್ಲರು, ಉಯ್ಯಾಲೆ.

ಹೋದ ಸೀಸನ್ನಲ್ಲಿ ಒಂದು ಹೋಂಸ್ಟೇಲಿ ಸಿಲ್ವರ್ ಓಕ್ ತೆಗೆಯೋ ಕೆಲಸ ಒಪ್ಕೊಂಡ್ವಿ, ಕಾಟೇಜಿನ ಹೆಂಚಿನ ಕಡೆ ವಾಲಿದ್ದ ಮರ, ಮಳೆಗಾಲದೊಳಗೆ ತೆಗೀಲೇಬೇಕಿತ್ತು. ಓನರ್ರು ಮೊದಲು ರೇಟಿಗೆ ಎಳೆದಾಡಿದ್ರು ಅದೂ ಸರಿ, ಕೆಲಸ ಶುರುವಾದ್ಮೇಲೆ ಹುಡುಗ ಮರದ ಮೇಲಿದ್ದಾಗ ಕೆಳಗೆ ಬಂದು ನಿಂತ್ಕೊಂಡು ಆ ಕಡೆ ಹಾಕ್ಬೇಡಿ ಈ ಕಡೆ ಹಾಕಿ ಅಂತ ಕೂಗೋದು, ಆಮೇಲೆ ಹೆಂಗೂ ಬಂದಿದೀರಲ್ಲ ಆ ಹಲಸಿನ ಕೊಂಬೆನೂ ಇಳಿಸಿಬಿಡಿ ಅನ್ನೋದು, ಸಾಯಂಕಾಲ ಗೆಸ್ಟ್ ಬರ್ತಾರೆ ಬೇಗ ಬೇಗ ಅನ್ನೋದು. ರಾತ್ರಿ ಮಳೆ ಬಂದು ನೆಲ ಮೆತ್ತಗಾಗಿದೆ, ನಾಳೆ ಸಾಗಿಸ್ತೀವಿ ಅಂದ್ರೂ ಕೇಳಲಿಲ್ಲ, ಟ್ರ್ಯಾಕ್ಟರ್ ಒಳಗೆ ತನ್ನಿ ಅಂತ ಅವ್ರೇ ಗೇಟ್ ತೆಗೆಸಿದ್ರು. ಚಕ್ರದ ಗೆರೆ ಬಿತ್ತು, ಕೊನೆಗೆ ಆ ಗೆರೆ ತೋರಿಸಿನೇ ದುಡ್ಡು ಹಿಡ್ಕೊಂಡ್ರು. ಹುಡುಗ್ರ ಕೂಲಿ ನಾನು ಕೈಯಿಂದ ಕೊಟ್ಟೆ.

ಈಗ ಮತ್ತೆ ಅಂಥದ್ದೇ ಒಂದು ಕೆಲಸ ಬಂದಿದೆ, ಬೇರೆ ಓನರ್ರು, ಇವ್ರೂ ಫೋನಲ್ಲಿ ಮೊದಲ ಮಾತೇ ಲಾನಿಗೆ ಒಂದು ಗೀರೂ ಬೀಳಬಾರದು ಅಂದ್ರು. ನೀವು ಇಂಥವ್ರ ಹತ್ರ ಹೆಂಗೆ ಮಾತಾಡ್ತೀರ, ಕೆಳಗೆ ಏನೇನು ಹಾಸ್ತೀರ, ಬಿಡಿಸಿ ಹೇಳಿ.

ಸಕಲೇಶಪುರದವನು:
ಅಣ್ಣ, ಗೀರು ಬೀಳಬಾರದು ಅಂದ ಗಿರಾಕಿ ಕೆಟ್ಟೋರಲ್ಲ. ಅವರಿಗೆ ಏನು ಬೇಕು ಅನ್ನೋದನ್ನ ಮೊದಲೇ ಬಾಯಿಬಿಟ್ಟು ಹೇಳಿದ್ದಾರೆ, ಅದು ನಮಗೆ ಅನುಕೂಲನೇ. ಏನೂ ಹೇಳದೆ ಎಲ್ಲದಕ್ಕೂ ಹೂಂ ಅಂದು ಕೊನೇಲಿ ದುಡ್ಡು ಹಿಡ್ಕೊಳ್ಳೋರದ್ದೇ ಕಷ್ಟ. ಲಾನ್ ಕಾಪಾಡೋದೂ ಒಂದು ಕೆಲಸ, ಅದಕ್ಕೆ ಆಳು ಬೇಕು, ಸಾಮಾನು ಬೇಕು, ಟೈಮ್ ಬೇಕು. ಹಂಗಾಗಿ ನಾನು ರೇಟು ಯಾವಾಗ್ಲೂ ಎರಡು ಭಾಗ ಮಾಡಿ ಹೇಳ್ತೀನಿ. ಮರ ಬರೀ ಕೆಡವಿ ತುಂಡು ಮಾಡೋಕೆ ಇಷ್ಟು, ಲಾನ್ ಕೆಡದಂಗೆ ಹಗ್ಗದಲ್ಲಿ ಇಳಿಸಿ ಹೊತ್ತು ಸಾಗಿಸೋಕೆ ಇಷ್ಟು. ಎರಡೂ ಕೇಳಿದ್ಮೇಲೆ ಅವ್ರೇ ಯೋಚನೆ ಮಾಡ್ತಾರೆ. ಕೆಲವರು ಹುಲ್ಲು ಹೋದ್ರೆ ಹೋಗ್ಲಿ ಮಳೆಗಾಲಕ್ಕೆ ಬರುತ್ತೆ ಅಂತಾರೆ, ಕೆಲವರು ಎರಡನೇದೇ ಇರ್ಲಿ ಅಂತಾರೆ, ಯಾವುದಾದ್ರೂ ಆಮೇಲೆ ಜಗಳ ಇರಲ್ಲ.

ಇನ್ನು ಕೆಲಸದ ವಿಚಾರ. ಫೋನಲ್ಲಿ ರೇಟ್ ಹೇಳ್ಲೇಬೇಡಿ. ಹೋಗಿ ನೋಡಿ, ಓನರ್ರನ್ನ ಜೊತೆಗೆ ಕರ್ಕೊಂಡು ಲಾನ್ ಸುತ್ತ ನಡೀರಿ. ತುಂಡು ಎಲ್ಲಿ ಇಳಿಸೋದು, ಯಾವ ದಾರೀಲಿ ಆಚೆ ಸಾಗಿಸೋದು, ಗಾಡಿ ಎಲ್ಲಿ ನಿಲ್ಲೋದು, ಈ ಮೂರನ್ನ ಅವ್ರ ಎದುರಿಗೇ ತೀರ್ಮಾನ ಮಾಡಿ. ಸೆಪ್ಟಿಕ್ ಟ್ಯಾಂಕ್ ಎಲ್ಲಿ, ಪೈಪ್ ಎಲ್ಲಿ, ಲೈಟಿನ ವೈರ್ ಎಲ್ಲಿ ಹೋಗಿದೆ ಅಂತ ಕೇಳಿ, ಅವ್ರು ತೋರಿಸಿದ ಕಡೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ. ಟ್ಯಾಂಕಿನ ಮುಚ್ಚಳದ ಮೇಲೆ ಹುಲ್ಲು ಬೆಳೆಸಿರೋ ಮನೆಗಳು ಬೇಕಾದಷ್ಟಿವೆ, ಮೇಲಿಂದ ನೋಡಿದ್ರೆ ಗೊತ್ತೇ ಆಗಲ್ಲ, ಚಕ್ರ ಹತ್ತಿದ್ರೆ ಗಾಡಿ ಸಮೇತ ಒಳಗೆ ಹೋಗುತ್ತೆ. ಆಮೇಲೆ ಪೂರ್ತಿ ಲಾನ್ ಒಂದು ವಿಡಿಯೋ ಮಾಡ್ಕೊಳ್ಳಿ, ಮೊದಲೇ ಇರೋ ಬೋಳು ಜಾಗ, ಒಡೆದ ಸ್ಲಾಬು ಎಲ್ಲ ಅದರಲ್ಲಿ ಬರ್ಲಿ, ಅದನ್ನ ಅವ್ರಿಗೂ ಕಳಿಸಿ.

ತೂಕದ ಅಂದಾಜು ಹುಡುಗ್ರಿಗೆ ಕಲಿಸಬೇಕು. ಒಂದಡಿ ದಪ್ಪ, ಐದಡಿ ಉದ್ದದ ಹಸಿ ತುಂಡು ಹತ್ತಿರ ಹತ್ತಿರ ಒಂದು ಕ್ವಿಂಟಾಲ್ ತೂಗುತ್ತೆ. ಅದು 20 ಅಡಿ ಮೇಲಿಂದ ಬಂದ್ರೆ ಎಂಥ ಹುಲ್ಲೂ ತಡೆಯಲ್ಲ. ಅದರಲ್ಲೂ ತುದಿ ನೆಟ್ಟಗೆ ಬಂದು ನೆಟ್ಕೊಂಡ್ರೆ ಮೊಣಕೈ ಆಳಕ್ಕೆ ಗುಂಡಿ. ಹಂಗಾಗಿ ಲಾನ್ ಮೇಲೆ ದಪ್ಪ ತುಂಡು ಬಿಡೋದೇ ಇಲ್ಲ, ಕಟ್ಟಿ ಇಳಿಸೋದೇ. ಮೇಲಿನ ಗಟ್ಟಿ ಕವೆಗೆ ರಾಟೆ ಕಟ್ಟಿ, ಹಗ್ಗದ ಒಂದು ತುದಿ ಕೊಂಬೆಗೆ, ಇನ್ನೊಂದು ತುದಿ ಕೆಳಗೆ ಬುಡಕ್ಕೆ ಎರಡು ಮೂರು ಸುತ್ತು ಹಾಕಿ ಒಬ್ಬ ಹಿಡ್ಕೊಂಡು ನಿಧಾನಕ್ಕೆ ಬಿಡ್ತಾ ಬರಬೇಕು, ಆ ಸುತ್ತೇ ಬ್ರೇಕು. ಹಗ್ಗ ಕೈಗೆ ಸುತ್ಕೊಳ್ಳಲೇಬಾರದು. ಸಡಿಲ ಬಿಟ್ಟು ನಾಲ್ಕೈದು ಅಡಿ ಬಿದ್ಮೇಲೆ ಹಗ್ಗ ತಡೆದ್ರೆ ತುಂಡಿನ ತೂಕದ ಎಷ್ಟೋ ಪಟ್ಟು ಎಳೆತ ಕವೆ ಮೇಲೆ ಬೀಳುತ್ತೆ, ಸಿಲ್ವರ್ ಓಕ್ ಕೊಂಬೆ ಮೊದಲೇ ಬಿರುಸು, ಕವೆನೇ ಸೀಳ್ಕೊಂಡು ಬರುತ್ತೆ. ತುಂಡು ಚಿಕ್ಕದು ಮಾಡಿ, ಇಳಿಸೋ ಸರ್ತಿ ಜಾಸ್ತಿ ಆಗ್ಲಿ ಪರವಾಗಿಲ್ಲ.

ಆಲ್ದೂರು ಮರಗಸಿ:
ಸಣ್ಣ ಕೊಂಬೆ ಎಲ್ಲಾನೂ ಹಗ್ಗದಲ್ಲೇ ಇಳಿಸ್ತಾ ಕೂತ್ರೆ ದಿನ ಮುಗಿಯುತ್ತಲ್ಲಣ್ಣ, ಅದಕ್ಕೇನು ಮಾಡ್ತೀರ? ಕೆಳಗೆ ಹಾಸೋದು ಏನು?

ಸಕಲೇಶಪುರದವನು:
ಸಣ್ಣದಕ್ಕೆ ಹಗ್ಗ ಬೇಡ. ಮೊದಲು ಇಳಿಸಿದ ಸೊಪ್ಪು ಸಾಗಿಸೋಕೆ ಅವಸರ ಮಾಡ್ಬೇಡಿ, ಅದನ್ನೇ ಬೀಳೋ ಜಾಗದಲ್ಲಿ ಅಡ್ಡಡ್ಡ ಉದ್ದುದ್ದ ಸೊಂಟದೆತ್ತರಕ್ಕೆ ಒಟ್ಟಿ. ಅದರ ಮೇಲೆ ಪಂಕ್ಚರ್ ಅಂಗಡಿಯಿಂದ ತಂದ ಹಳೇ ಲಾರಿ ಟೈರು. ತೋಳಿನ ದಪ್ಪದ ಕೊಂಬೆ ಅದರ ಮೇಲೆ ಬಿದ್ರೆ ಹುಲ್ಲಿಗೆ ಗೊತ್ತೇ ಆಗಲ್ಲ. ಆ ಒಂದು ಜಾಗ ಬಿಟ್ಟು ಬೇರೆ ಎಲ್ಲೂ ಏನೂ ಬೀಳಬಾರದು, ಮೇಲಿನೋನಿಗೆ ಅದೇ ಗುರಿ.

ನಡೆಯೋ ದಾರಿಗೆ ನಮ್ಮ ಕಡೆ ಅಡಿಕೆ ದಬ್ಬೆಗಿಂತ, ಅಂದ್ರೆ ಅಡಿಕೆ ಮರ ಸೀಳಿದ ಪಟ್ಟಿಗಿಂತ, ಒಳ್ಳೇದು ಇನ್ನೊಂದಿಲ್ಲ. ದಬ್ಬೆ ಒತ್ತೊತ್ತಾಗಿ ಜೋಡಿಸಿ ಎರಡು ಕಡೆ ಹಗ್ಗದಲ್ಲಿ ಹೆಣೆದುಬಿಡಿ, ಸುರುಳಿ ಸುತ್ತಿ ಪಿಕಪ್ಪಲ್ಲಿ ಹಾಕ್ಕೊಂಡು ಹೋಗ್ಬಹುದು, ಅಲ್ಲಿ ಬಿಚ್ಚಿದ್ರೆ ದಾರಿ ರೆಡಿ. ಆಳು ಹೊತ್ಕೊಂಡು ಓಡಾಡೋಕೆ, ಕೈಗಾಡಿ ತಳ್ಳೋಕೆ ಸಾಕು. ಭಾರ ಜಾಸ್ತಿ ಇದ್ರೆ 18 ಎಂಎಂ ಪ್ಲೈವುಡ್, 8 ಅಡಿ 4 ಅಡಿದು, ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡೋರ ಹತ್ರ ಹಳೇದು ಸಿಗುತ್ತೆ. ಒಂದೊಂದು ಶೀಟು 30 ಕೇಜಿ ಮೇಲೆ ಇರುತ್ತೆ, ಇಬ್ಬರು ಹಿಡೀಬೇಕು, ಎಳ್ಕೊಂಡು ಹೋದ್ರೆ ಅದರ ಮೂಲೆನೇ ಹುಲ್ಲು ಕಿತ್ತುಹಾಕುತ್ತೆ. ಟ್ರ್ಯಾಕ್ಟರ್ ಮಾತ್ರ ಪ್ಲೈವುಡ್ ಇದ್ರೂ ಲಾನ್ ಮೇಲೆ ಹತ್ತಿಸಲ್ಲ, ಗೇಟಿನ ಹೊರಗೇ.

ಮರ ಕೊಯ್ಯೋ ಮಿಷನ್ನಿಗೆ ಪೆಟ್ರೋಲು, ಚೈನ್ ಆಯಿಲ್ ಹಾಕೋದು ಡ್ರೈವ್‌ವೇ ಮೇಲೆ, ಟಾರ್ಪಾಲ್ ಹಾಸ್ಕೊಂಡು. ಪೆಟ್ರೋಲ್ ಚೆಲ್ಲಿದ ಜಾಗ ಎರಡೇ ದಿನಕ್ಕೆ ಸುಟ್ಟು ಕಂದು ಬಣ್ಣಕ್ಕೆ ತಿರುಗುತ್ತೆ, ಅದೂ ನಾವು ದುಡ್ಡು ತಗೊಂಡು ಬಂದ್ಮೇಲೆ ಕಾಣೋದು.

ಕೈಮರ ಹೋಂಸ್ಟೇ:
ನಾನು ಗಿರಾಕಿ ಕಡೆಯೋಳು, ಓದ್ತಾ ಇದ್ದೆ, ನಮ್ಮ ಕಡೇದೂ ಒಂದೆರಡು ಮಾತು ಹೇಳ್ಬೇಕು ಅನ್ನಿಸ್ತು. ಆಲ್ದೂರಿನ ಅಣ್ಣನಿಗೆ ಆಗಿದ್ದು ಅನ್ಯಾಯನೇ, ಟ್ರ್ಯಾಕ್ಟರ್ ತನ್ನಿ ಅಂದವ್ರೇ ಗೆರೆ ಬಿತ್ತು ಅನ್ನೋದು ಸರಿಯಲ್ಲ, ದುಡಿದವ್ರ ಕೂಲಿ ಹಿಡ್ಕೊಳ್ಳೋದಂತೂ ಖಂಡಿತ ಸರಿಯಲ್ಲ. ಆದ್ರೆ ನಾವು ಯಾಕೆ ಅಷ್ಟು ಕೂಗ್ತೀವಿ ಅಂತಾನೂ ಸ್ವಲ್ಪ ನೋಡಿ. ನಮ್ಮ ಆದಾಯ ಎಲ್ಲ ಶುಕ್ರವಾರ ರಾತ್ರಿಯಿಂದ ಭಾನುವಾರ ಮಧ್ಯಾಹ್ನದವರೆಗೆ. ಬೆಂಗಳೂರಿಂದ ಬಂದವ್ರು ರೂಮ್ ನೋಡೋಕೆ ಮುಂಚೆ ಮಕ್ಕಳನ್ನ ಲಾನಿಗೆ ಬಿಡ್ತಾರೆ, ಫೋಟೋ ತೆಗೆಯೋದೂ ಅಲ್ಲೇ. ಅಲ್ಲಿ ಕೆಸರು ಗುಂಡಿ ಇದ್ರೆ ರಿವ್ಯೂನಲ್ಲಿ ಬರೀತಾರೆ, ಅದು ಅಳಿಸೋಕಾಗಲ್ಲ.

ಮರ ಕೆಲಸದವ್ರ ಜೊತೆ ನಮಗೆ ಬೇಜಾರಾಗೋದು ಗುಂಡಿಯಿಂದ ಅಲ್ಲ. ಸೋಮವಾರ ಬರ್ತೀವಿ ಅಂದು ಗುರುವಾರ ಬರ್ತಾರೆ, ಫೋನ್ ಎತ್ತಲ್ಲ. ನಾವು ಸೋಮವಾರಕ್ಕೆ ಅಂತ ಬುಕಿಂಗ್ ಬಿಟ್ಟಿರ್ತೀವಿ, ಗುರುವಾರ ಬಂದ್ರೆ ಶುಕ್ರವಾರ ಗೆಸ್ಟ್ ಬರೋ ಹೊತ್ತಿಗೆ ಅಂಗಳ ಪೂರ್ತಿ ಸೊಪ್ಪು. ಇನ್ನೊಂದು, ಹುಲ್ಲಲ್ಲಿ ಬೀಡಿ ತುಂಡು, ಎಲೆ ಅಡಿಕೆ ಉಗಿದ ಕಲೆ. ಬರಿಗಾಲಲ್ಲಿ ಮಕ್ಕಳು ಓಡಾಡೋ ಜಾಗ ಅದು. ನಿಮ್ಮವ್ರು ಎಷ್ಟು ಕಷ್ಟದ ಕೆಲಸ ಮಾಡ್ತಾರೆ ಅಂತ ನಮಗೂ ಗೊತ್ತು, ಊಟ ಕಾಫಿ ಎಲ್ಲ ನಾವೇ ಕೊಡ್ತೀವಿ, ಆದ್ರೆ ಇಷ್ಟು ನೋಡ್ಕೊಂಡ್ರೆ ಅರ್ಧ ಕಿರಿಕಿರಿ ಇರಲ್ಲ.

ಕೆಳಗೆ ನಿಂತು ಕೂಗೋದು ಯಾಕೆ ಅಂದ್ರೆ ಮುಂದೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿರಲ್ಲ. ನಮ್ಮಲ್ಲಿ ಹೋದ ಸರ್ತಿ ಬಂದ ಟೀಮಿನ ಮೇಸ್ತ್ರಿ ಬೆಳಿಗ್ಗೆನೇ ನನ್ನ ಕರೆದು, ಮೇಡಂ ಹತ್ತು ಗಂಟೆವರೆಗೆ ಸೊಪ್ಪು, ಊಟದವರೆಗೆ ಕೊಂಬೆ, ಆಮೇಲೆ ಬೊಡ್ಡೆ, ನೀವು ಈ ಜಗಲಿಯಿಂದ ಆಚೆ ಬರಬೇಡಿ, ಪ್ರತಿ ಹಂತ ಮುಗಿದ್ಮೇಲೆ ನಾನೇ ಬಂದು ಹೇಳ್ತೀನಿ ಅಂದ. ಹಂಗೇ ಬಂದು ಹೇಳ್ದ ಕೂಡ. ನಾನು ಒಂದು ಸರ್ತಿನೂ ಕೆಳಗೆ ಇಳೀಲಿಲ್ಲ.

ಆಲ್ದೂರು ಮರಗಸಿ:
ಮೇಡಂ ನೀವು ಹೇಳಿದ್ದು ಮನಸ್ಸಿಗೆ ಹತ್ತಿತು. ಮೇಸ್ತ್ರಿ ಬಂದು ಹೇಳೋ ವಿಷಯ ಒಳ್ಳೇದಿದೆ, ನಮ್ಮಲ್ಲಿ ನೆಲದ ಮೇಲೆ ಇರೋನಿಗೇ ಆ ಕೆಲಸ ಒಪ್ಪಿಸ್ತೀನಿ. ಮೇಲೆ ಇರೋನು ಒಬ್ಬನ ಮಾತು ಮಾತ್ರ ಕೇಳ್ಬೇಕು, ಎರಡು ಕಡೆಯಿಂದ ಕೂಗಿದ್ರೆ ಅವನಿಗೆ ಗಾಬರಿ ಆಗುತ್ತೆ, ಮಿಷನ್ ಸದ್ದಲ್ಲಿ ಅರ್ಧ ಕೇಳ್ಸಲ್ಲ ಬೇರೆ.

ಹಾಸನ ನರ್ಸರಿ:
ಹುಲ್ಲಿನ ವಿಚಾರ ಬಂತಲ್ಲ, ನಮ್ಮ ಕಸುಬೇ ಅದು, ಸಾಲಗಾಮೆ ರೋಡ್ ಕಡೆ ಲಾನ್ ಹಾಕಿಸೋ ಮನೆಗಳು ಬಹಳ ನೋಡಿದೀನಿ ಕಣ್ರೀ. ಎಲ್ಲ ಲಾನೂ ಒಂದೇ ಅಲ್ಲ. ಗರಿಕೆ ಜಾತಿದು, ಅದೇ ಬರ್ಮುಡಾ ಅಂತಾರಲ್ಲ, ಅದು ಪೆಟ್ಟು ತಿಂದ್ರೂ ಬಳ್ಳಿ ಬಿಟ್ಕೊಂಡು ಬೇಗ ಮುಚ್ಕೊಳ್ಳುತ್ತೆ. ಮೆಕ್ಸಿಕನ್ ಗ್ರಾಸ್ ಹಂಗಲ್ಲ, ನೋಡೋಕೆ ಮೆತ್ತನೆ ದಿಂಡು, ಆದ್ರೆ ಬೆಳವಣಿಗೆ ನಿಧಾನ, ಒಂದು ಚಪ್ಪಡಿ ಅಗಲ ಕಿತ್ತುಹೋದ್ರೆ ತಾನಾಗಿ ಮುಚ್ಕೊಳ್ಳೋಕೆ ತಿಂಗಳುಗಟ್ಟಲೆ ಬೇಕು. ಹಂಗಾಗಿ ರೇಟ್ ಹೇಳೋ ಮುಂಚೆ ಯಾವ ಹುಲ್ಲು ಅಂತ ನೋಡ್ಕೊಳ್ಳಿ.

ಎರಡನೇದು ನೆಲದ ಹಸಿ. ಹುಲ್ಲು ಮುರಿದ್ರೆ ಮತ್ತೆ ಬರುತ್ತೆ, ಮಣ್ಣು ಒತ್ತಿ ಗಟ್ಟಿಯಾದ್ರೆ ಬೇರಿಗೆ ಗಾಳಿ ನೀರು ಹೋಗಲ್ಲ, ಅಲ್ಲಿ ವರ್ಷ ಆದ್ರೂ ಹುಲ್ಲು ಸೊರಗಿರುತ್ತೆ. ಒಣ ಮಣ್ಣು ಭಾರ ತಡೆಯುತ್ತೆ, ಒದ್ದೆ ಮಣ್ಣು ಮಿದ್ದ ಹಿಟ್ಟಿನ ಥರ ಅಚ್ಚು ಹಿಡಿಯುತ್ತೆ. ಒಂದು ಹಿಡಿ ಮಣ್ಣು ತೆಗೆದು ಅಮುಕಿ ನೋಡಿ, ಉಂಡೆ ಕಟ್ಟಿ ಬೆರಳಿಗೆ ಅಂಟಿದ್ರೆ ಅವತ್ತು ಭಾರದ ಕೆಲಸ ಬೇಡ. ಲಾನ್ ಮೇಲೆ ನಡೆದು ಹಿಂದೆ ತಿರುಗಿ ನೋಡಿದಾಗ ಹೆಜ್ಜೆಯಲ್ಲಿ ನೀರು ಮಿನುಗಿದ್ರೂ ಅಷ್ಟೇ. ನಿಮ್ಮ ಮಲೆನಾಡಲ್ಲಿ ಆರಿದ್ರಾ ಪುನರ್ವಸು ಪುಷ್ಯ ಹಿಡೀತು ಅಂದ್ರೆ ಲಾನ್ ಒಣಗೋದೇ ಇಲ್ಲ, ಅಪಾಯದ ಮರ ಅಲ್ಲದಿದ್ರೆ ಅಂಥ ಟೈಮಲ್ಲಿ ಒಪ್ಕೋಬೇಡಿ. ಸ್ಪ್ರಿಂಕ್ಲರ್ ಇರೋ ಮನೆಗೆ ಎರಡು ದಿನ ಮುಂಚೆನೇ ನೀರು ನಿಲ್ಲಿಸಿ ಅಂತ ಫೋನ್ ಮಾಡಿ, ಇದು ಬಹಳ ಜನ ಮರೀತಾರೆ.

ಪ್ಲೈವುಡ್ ಹಾಸಿದ್ರೆ ಸಾಯಂಕಾಲ ಎತ್ತಿಡಿ. ಬಿಸಿಲಲ್ಲಿ ಅದರ ಕೆಳಗೆ ಶಾಖ ಕಟ್ಕೊಂಡು ಹುಲ್ಲು ಬೇಯುತ್ತೆ, ಕಪ್ಪು ಟಾರ್ಪಾಲ್ ಆದ್ರೆ ಇನ್ನೂ ಬೇಗ. ಒಂದು ಹಗಲಿನ ಮಟ್ಟಿಗಾದ್ರೆ ಸ್ವಲ್ಪ ಹಳದಿ ಆದ್ರೂ ಚೇತರಿಸ್ಕೊಳ್ಳುತ್ತೆ. ಮರದ ಪುಡಿನೂ ಪೂರ್ತಿ ತೆಗೀಬೇಕು, ಅದು ಕೊಳೆಯುವಾಗ ಮಣ್ಣಿನ ಸಾರಜನಕ ಎಳ್ಕೊಳ್ಳುತ್ತೆ, ಹುಲ್ಲು ಹಳದಿ ಬೀಳುತ್ತೆ. ಕೊಯ್ಯೋ ಜಾಗದಲ್ಲಿ ಟಾರ್ಪಾಲ್ ಹಾಸಿ ಕೊಯ್ದು ಹಂಗೇ ಮುದುರಿ ಎತ್ಕೊಂಡು ಹೋಗೋದು ಸುಲಭ.

ಅಷ್ಟಾದ್ರೂ ಗುಂಡಿ ಬಿತ್ತು ಅಂದ್ಕೊಳ್ಳಿ. ಹುಲ್ಲು ಬದುಕಿದ್ದು ಬರೀ ಕುಸಿದಿದ್ರೆ ಮೇಲೆ ಮಣ್ಣು ಸುರೀಬೇಡಿ. ಗಾರ್ಡನ್ ಫೋರ್ಕ್ ಗುಂಡಿಯ ಅಂಚಿನಲ್ಲಿ ಓರೆಯಾಗಿ ಚುಚ್ಚಿ ಮೆಲ್ಲಗೆ ಮೇಲಕ್ಕೆ ಮೀಟಿ, ಮಣ್ಣು ಸಡಿಲ ಆಗಿ ಹುಲ್ಲು ಸಮೇತ ಮೇಲೆ ಬರುತ್ತೆ. ಆಮೇಲೆ ಮರಳು, ಕೆಂಪು ಮಣ್ಣು, ಜರಡಿ ಹಿಡಿದ ಗೊಬ್ಬರ ಬೆರೆಸಿ ತೆಳ್ಳಗೆ ಉದುರಿಸಿ, ಹುಲ್ಲಿನ ತುದಿ ಕಾಣ್ತಿರಬೇಕು, ಅರ್ಧ ಇಂಚಿಗಿಂತ ದಪ್ಪ ಬೇಡ. ಆಳ ಜಾಸ್ತಿ ಇದ್ರೆ ಸನಿಕೆಯಲ್ಲಿ ಹುಲ್ಲನ್ನ ಚೌಕ ಕೊಯ್ದು ಚಾಪೆ ಥರ ಮಗುಚಿಟ್ಟು, ಕೆಳಗಿನ ಮಣ್ಣು ಕೆದಕಿ ತುಂಬಿ, ಮತ್ತೆ ಅದೇ ಹುಲ್ಲು ಕೂರಿಸಿ ತುಳಿದು ನೀರು ಕೊಡಿ. ಒಂದು ಗಂಟೆ ಕೆಲಸ. ಇದನ್ನ ನೀವೇ ಮಾಡಿ ಹೊರಟ್ರೆ ಯಾವ ಓನರ್ರೂ ದುಡ್ಡು ಹಿಡ್ಕೊಳ್ಳಲ್ಲ.

ಬೇಲೂರು ಹುಡುಗ:
ಅಣ್ಣಂದಿರೇ ನಾನು ಈಗಷ್ಟೇ ಸ್ವಂತ ಮಿಷನ್ ತಗೊಂಡು ಶುರು ಮಾಡಿದೀನಿ. ಎಲ್ಲಿ ಹೋದ್ರೂ ಪಕ್ಕದೂರಿನೋರು ಅರ್ಧ ರೇಟಿಗೆ ಮಾಡ್ತಾರೆ ಅಂತಾರೆ. ಇಲ್ಲಾಂದ್ರೆ ಸೌದೆ ನೀವೇ ತಗೊಂಡು ಹೋಗಿ ಕೂಲಿ ಯಾಕೆ ಅಂತಾರೆ. ಕೆಲಸ ಬಿಟ್ರೆ ಬೇರೆಯವ್ರು ಹಿಡ್ಕೋತಾರೆ ಅನ್ನೋ ಭಯ, ಹಂಗಂತ ಒಪ್ಕೊಂಡ್ರೆ ಡೀಸೆಲ್ ಕಾಸೂ ಗಿಟ್ಟಲ್ಲ. ಏನ್ ಉತ್ತರ ಕೊಡೋದು?

ಸಕಲೇಶಪುರದವನು:
ತಮ್ಮ, ಪಕ್ಕದೂರಿನೋರ ಬಗ್ಗೆ ಒಂದು ಮಾತೂ ಆಡ್ಬೇಡ. ಅವ್ರು ಆ ರೇಟಲ್ಲಿ ಹಗ್ಗದಲ್ಲಿ ಇಳಿಸ್ತಾರಾ, ಸೊಪ್ಪು ಸಾಗಿಸ್ತಾರಾ, ಬೊಡ್ಡೆ ನೆಲಕ್ಕೆ ಸಮ ಕೊಯ್ತಾರಾ ಅಂತ ಮಾತ್ರ ಕೇಳು. ಅವ್ರಿಗೇ ಗೊತ್ತಿರಲ್ಲ, ಫೋನ್ ಮಾಡಿ ಕೇಳ್ತಾರೆ, ಅಷ್ಟರಲ್ಲಿ ನಿನ್ನ ರೇಟ್ ಯಾಕೆ ಅಷ್ಟು ಅಂತ ಅರ್ಥ ಆಗುತ್ತೆ. ಆಗ್ಲೂ ಬೇಡ ಅಂದ್ರೆ ನಗುನಗ್ತಾ ಬಂದುಬಿಡು.

ಮರದ ಬೆಲೆ ಬೇರೆ, ಕೂಲಿ ಬೇರೆ ಅಂತ ಮೊದಲೇ ಬಿಡಿಸು. ಸಿಲ್ವರ್ ಓಕ್ ನೆಟ್ಟಗಿರೋ ಬೊಡ್ಡೆ ಪ್ಲೈವುಡ್ ಫ್ಯಾಕ್ಟರಿಗೆ ಹೋಗುತ್ತೆ, ಅದಕ್ಕೆ ಬೆಲೆ ಇದೆ, ಅದರ ಅಳತೆ ಗಿರಾಕಿ ಎದುರಿಗೇ ಟೇಪ್ ಹಿಡಿದು ಮಾಡು. ಆದ್ರೆ ಲಾನ್ ಮನೇಲಿ ಹಗ್ಗದಲ್ಲಿ ಚಿಕ್ಕ ಚಿಕ್ಕ ತುಂಡಾಗಿ ಇಳಿಸಿದ್ಮೇಲೆ ಫ್ಯಾಕ್ಟರಿಯವ್ರು ಕೇಳೋ ಉದ್ದ ಸಿಗಲ್ಲ, ಅದು ಸೌದೆ ರೇಟಿಗೇ ಹೋಗೋದು. ಇದನ್ನ ಮರ ನಿಂತಿರುವಾಗ್ಲೇ ಹೇಳು. ಬಿದ್ಮೇಲೆ ಹೇಳಿದ್ರೆ ಮೋಸ ಅಂತಾರೆ.

ನಾನು ವಾಟ್ಸಾಪಲ್ಲಿ ಕಳಿಸೋದು ಹಿಂಗೆ, ಬೇಕಾದ್ರೆ ಕಾಪಿ ಮಾಡ್ಕೊ: “ನಮಸ್ಕಾರ ಸಾರ್. ಇವತ್ತು ನೋಡಿದ ಪ್ರಕಾರ ಕಾಟೇಜ್ ಪಕ್ಕದ ಎರಡು ಸಿಲ್ವರ್ ಓಕ್ ಮಾತ್ರ. ಹಗ್ಗದಲ್ಲಿ ಇಳಿಸಿ, ಸೊಪ್ಪು ಸೌದೆ ಗೇಟ್ ಹೊರಗೆ ಸಾಗಿಸಿ, ಪುಡಿ ಗುಡಿಸಿ ಕೊಡ್ತೀವಿ. ಬುಡ ನೆಲಕ್ಕೆ ಸಮ ಕೊಯ್ತೀವಿ, ಬೇರು ತೆಗೆಯಲ್ಲ. ಲಾನ್ ಮೇಲೆ ಗಾಡಿ ಬರಲ್ಲ. ಹಲಗೆ ಹಾಸಿದ ದಾರಿ ಸ್ವಲ್ಪ ದಿನ ಹಳದಿ ಆಗಬಹುದು. ಗುಂಡಿ ಬಿದ್ರೆ ನಾವೇ ಸರಿ ಮಾಡಿ ಹೋಗ್ತೀವಿ. ಮಳೆ ಬಂದ್ರೆ ದಿನ ಮುಂದೆ ಹೋಗುತ್ತೆ. ಬೇರೆ ಮರ ಸೇರಿಸಿದ್ರೆ ಅದರ ರೇಟ್ ಬೇರೆ, ಶುರು ಮಾಡೋ ಮುಂಚೆ ಹೇಳ್ತೀವಿ. ಅರ್ಧ ದುಡ್ಡು ಮೊದಲ ದಿನ, ಉಳಿದದ್ದು ಕೆಲಸ ಮುಗಿದು ನೀವು ನೋಡಿದ್ಮೇಲೆ ಅವತ್ತೇ.” ಅದಕ್ಕೆ ಸರಿ ಅಂತ ಒಂದು ಉತ್ತರ ಬಂದ್ಮೇಲೇ ಹಗ್ಗ ಗಾಡಿಗೆ ಹಾಕೋದು.

ಹೆಂಗೂ ಬಂದಿದೀರಲ್ಲ ಅನ್ನೋ ಮಾತಿಗೂ ಇದೇ ಉತ್ತರ. ಇಲ್ಲ ಅನ್ನೋದು ಬೇಡ. ಆಗ್ಲಿ ಸಾರ್, ಇದು ಮುಗಿಸಿ ನೋಡಿ ರೇಟ್ ಹೇಳ್ತೀನಿ ಅನ್ನು. ಹತ್ತರಲ್ಲಿ ಎಂಟು ಜನ ಅಲ್ಲಿಗೆ ಬಿಡ್ತಾರೆ, ಇಬ್ಬರು ನಿಜವಾಗ್ಲೂ ದುಡ್ಡು ಕೊಟ್ಟು ಮಾಡಿಸ್ತಾರೆ.

ನಿವೃತ್ತ ಲೈನ್‌ಮ್ಯಾನ್:
ಲಾನ್ ಲಾನ್ ಅಂತ ಎಲ್ಲ ಕೆಳಗೇ ನೋಡ್ತಾ ಇದೀರಿ, ನಾನು ಮೇಲೆ ನೋಡಿ ಅಂತ ಹೇಳೋಕೆ ಬಂದೆ. ತೋಟದಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಜೀವ ಹೋದ ಸುದ್ದಿ ನಮ್ಮ ಜಿಲ್ಲೇಲಿ ಮತ್ತೆ ಮತ್ತೆ ಓದ್ತೀವಿ, ನಾನು ಸರ್ವಿಸಲ್ಲಿ ಇದ್ದಾಗ ಅಂಥ ಜಾಗಕ್ಕೆ ಹೋಗಿ ನಿಂತು ನೋಡಿದೋನು. ಗಿರಾಕಿ ಹುಲ್ಲು ಉಳಿಸೋಕೆ ಕೊಂಬೆ ಆ ಕಡೆ ಎಳೀರಿ ಅಂತಾರೆ, ಆ ಕಡೆ 11 ಕೆವಿ ಲೈನ್ ಇರುತ್ತೆ. ಯಾರ ಲಾನಿಗೋಸ್ಕರನೂ ಕೊಂಬೆಯನ್ನ ಲೈನ್ ಕಡೆ ತಿರುಗಿಸಬೇಡಿ.

ಲೈನ್ ಹತ್ರ ಮರ ಇದ್ರೆ ಚಿಕ್ಕಮಗಳೂರಿನವ್ರು ಮೆಸ್ಕಾಂ ಸೆಕ್ಷನ್ ಆಫೀಸಿಗೆ, ಹಾಸನದವ್ರು ಸೆಸ್ಕ್ ಆಫೀಸಿಗೆ ಅರ್ಜಿ ಕೊಟ್ಟು ಎಲ್‌ಸಿ, ಅಂದ್ರೆ ಲೈನ್ ಕ್ಲಿಯರ್, ತಗೊಳ್ಳಿ, ಅವ್ರ ಸಿಬ್ಬಂದಿ ಬಂದು ಲೈನ್ ಆಫ್ ಮಾಡಿ ಅರ್ಥ್ ಮಾಡಿದ್ಮೇಲೆ ಹತ್ತಿ. ಕರೆಂಟ್ ಹೋಗಿದೆ ಈಗ್ಲೇ ಮುಗಿಸಿ ಅಂತ ಓನರ್ ಹೇಳಿದ್ರೆ ಒಪ್ಪಬೇಡಿ, ಹೋದ ಕರೆಂಟು ಯಾವ ಕ್ಷಣ ಬೇಕಾದ್ರೂ ಬರುತ್ತೆ. ಹೋಂಸ್ಟೇಗಳಲ್ಲಿ ಜನರೇಟರ್ ಬೇರೆ ಇರುತ್ತೆ, ಸರಿಯಾಗಿ ಚೇಂಜ್ ಓವರ್ ಸ್ವಿಚ್ ಹಾಕಿರದಿದ್ರೆ ಲೈನಿಗೆ ವಾಪಸ್ ಕರೆಂಟ್ ಹರಿಯುತ್ತೆ. ಮನೆಗೆ ಬರೋ ಸರ್ವಿಸ್ ವೈರನ್ನೂ ಕಡೆಗಣಿಸಬೇಡಿ, ಒದ್ದೆ ಕೊಂಬೆ ತಾಗಿದ್ರೂ ಹೊಡೆಯುತ್ತೆ.

ಇನ್ನೊಂದು ಕೇಳ್ಕೊಳ್ತೀನಿ, ಹತ್ತೋ ಹುಡುಗ್ರ ಹೆಸರಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡ್ಸಿ, ವರ್ಷಕ್ಕೆ 20 ರೂಪಾಯಿ, ಬ್ಯಾಂಕ್ ಖಾತೆಯಿಂದ ತಾನೇ ಕಟ್ಟಾಗುತ್ತೆ, ಅಪಘಾತದಲ್ಲಿ ಜೀವ ಹೋದ್ರೆ ಮನೆಯವ್ರಿಗೆ 2 ಲಕ್ಷ. ಅದು ಸಾಕಾಗಲ್ಲ, ಆದ್ರೂ ಇರಲಿ.

ಆಲ್ದೂರು ಮರಗಸಿ:
ಸಾರ್ ಕೈ ಮುಗೀತೀನಿ, ಈ ಮಾತು ನಮ್ಮ ಹುಡುಗ್ರಿಗೆಲ್ಲ ಓದಿಸ್ತೀನಿ.

ಕೊಪ್ಪದ ಬೆಳೆಗಾರ:
ಪರ್ಮಿಶನ್ ಬಗ್ಗೆ ಯಾರೂ ಎತ್ತಲಿಲ್ಲ ಮಾರಾಯ್ರೆ. ಮನೆ ಕಾಂಪೌಂಡ್ ಒಳಗಿನ ಮರ ನಮ್ಮದೇ ಅಂತ ಟೌನಿನೋರು ತಿಳ್ಕೊಂಡಿರ್ತಾರೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು, ಖಾಸಗಿ ಜಾಗದ ಮರಕ್ಕೂ ಅನ್ವಯ ಆಗುತ್ತೆ, ಅದರಲ್ಲಿ ಕಡಿಯೋದು ಅಂದ್ರೆ ಬುಡಕ್ಕೆ ಕೊಯ್ಯೋದು ಮಾತ್ರ ಅಲ್ಲ, ಕೊಂಬೆ ಸವರೋದೂ ಸೇರುತ್ತೆ. ಸಿಲ್ವರ್ ಓಕ್, ನೀಲಗಿರಿ, ತೆಂಗು ಇಂಥ ಕೆಲವು ಜಾತಿಗೆ ವಿನಾಯಿತಿ ಇದೆ, ಹಲಸು ಮಾವು ಬೀಟೆ ಅಂತ ಬಂದ್ರೆ ಮೊದಲು ಅರಣ್ಯ ಇಲಾಖೆ ರೇಂಜ್ ಆಫೀಸಲ್ಲಿ ಕೇಳಿ. ಬೀಟೆ, ತೇಗ, ಶ್ರೀಗಂಧ ಅಂತೂ ಪೇಪರ್ ಕೈಗೆ ಬರೋವರೆಗೂ ಮುಟ್ಟೋದೇ ಬೇಡ. ಓನರ್ ನಾನು ನೋಡ್ಕೋತೀನಿ ನೀವು ಕಡೀರಿ ಅಂದ್ರೆ, ಕೇಸ್ ಆದಾಗ ಮಿಷನ್ನೂ ಗಾಡಿನೂ ಜಪ್ತಿ ಆಗೋದು ಕಡಿದವ್ರದ್ದು. ಅವಸರದ ಗಿರಾಕಿಗೆ ಇದನ್ನ ಹೇಳಿದ್ರೆ ಅವ್ರೇ ತಣ್ಣಗಾಗ್ತಾರೆ.

ಕೈಮರ ಹೋಂಸ್ಟೇ:
ಇದು ನನಗೆ ಗೊತ್ತಿರಲಿಲ್ಲ ಅಣ್ಣ, ನಮ್ಮ ಕಾಟೇಜ್ ಹಿಂದೆ ಒಂದು ಹಲಸಿನ ಮರ ಇದೆ, ಆಫೀಸಿಗೆ ಹೋಗಿ ಕೇಳ್ತೀನಿ. ಕೊಂಬೆ ಮಾತ್ರ ತೆಗೆಸೋದಾದ್ರೆ ಮರಕ್ಕೆ ಪೆಟ್ಟಾಗದಂಗೆ ಹೆಂಗೆ? ಹೋದ ವರ್ಷ ಕೊಯ್ದ ಜಾಗದಲ್ಲಿ ತೊಗಟೆ ಕೆಳಗಿನವರೆಗೂ ಸುಲಿದು ಬಂದಿತ್ತು.

ಸಕಲೇಶಪುರದವನು:
ಅದು ಮೇಲಿಂದ ಒಂದೇ ಏಟಿಗೆ ಕೊಯ್ದಿದ್ದು ಮೇಡಂ, ಕೊಂಬೆ ಭಾರಕ್ಕೆ ಜೋತುಬಿದ್ದು ತೊಗಟೆ ಎಳ್ಕೊಂಡು ಹೋಗುತ್ತೆ. ಕಾಂಡದಿಂದ ಒಂದೂವರೆ ಅಡಿ ಆಚೆ ಮೊದಲು ಕೆಳಗಿಂದ ಕಾಲು ಭಾಗ ಕೊಯ್ಯಬೇಕು, ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿಂದ ಕೊಯ್ದು ಭಾರ ಇಳಿಸಬೇಕು, ಕೊನೆಗೆ ಉಳಿದ ಮೋಟನ್ನ ಬುಡದ ಉಬ್ಬಿನ ಹೊರಗೆ ನೀಟಾಗಿ ತೆಗೀಬೇಕು. ಆ ಉಬ್ಬು ಕೊಯ್ಯಬಾರದು, ಗಾಯ ಮುಚ್ಚೋದೇ ಅಲ್ಲಿಂದ. ಬರೋರಿಗೆ ಮೂರು ಕೊಯ್ತ ಹಾಕಿ ಅಂತ ಹೇಳಿ ಸಾಕು, ಗೊತ್ತಿರೋರಿಗೆ ಅರ್ಥ ಆಗುತ್ತೆ.

ಆಲ್ದೂರು ಮರಗಸಿ:
ಎಲ್ರಿಗೂ ಹೇಳ್ಬೇಕು, ಆ ಕೆಲಸ ಮುಗೀತು. ಓನರ್ರ ಜೊತೆ ಮೊದಲು ಲಾನ್ ಸುತ್ತಿದ್ವಿ, ಹಿಂಭಾಗದಲ್ಲಿ ಹಳೇ ಪೈಪ್ ಲೈನ್ ಇದೆ ಅಂತ ಆವಾಗ್ಲೇ ಅವ್ರಿಗೆ ನೆನಪಾಯ್ತು, ದಾರಿ ಆ ಕಡೆಯಿಂದ ಬದಲಾಯಿಸಿದ್ವಿ. ಮೆಸೇಜ್ ಕಳಿಸಿದೆ, ಎರಡು ರೇಟಲ್ಲಿ ಅವ್ರು ದೊಡ್ಡದೇ ಇರ್ಲಿ ಅಂದ್ರು. ಭಾನುವಾರ ಗೆಸ್ಟ್ ಹೋದ್ಮೇಲೆ ನೀರು ನಿಲ್ಲಿಸಿದ್ರು, ಮಂಗಳವಾರ ಶುರು. ದಬ್ಬೆ ಚಾಪೆ ನಮ್ಮ ಹುಡುಗ್ರೇ ಹೆಣೆದಿದ್ದು, ಗೇಟಿನವರೆಗೂ ಸಾಲಲಿಲ್ಲ, ಕೊನೇ ತುಂಡಿಗೆ ಪ್ಲೈವುಡ್ ಹಾಕಿದ್ವಿ. ಮಧ್ಯಾಹ್ನ ಓನರ್ರು ಕೆಳಗೆ ಬಂದು ಇದೇನು ಇಷ್ಟು ನಿಧಾನ ಅಂದ್ರು. ನೆಲದ ಮೇಲಿದ್ದ ನಮ್ಮವನು ಹಗ್ಗ ಕಟ್ಟಿ ನಿಲ್ಲಿಸಿ, ಅವ್ರ ಹತ್ರ ಹೋಗಿ, ಸಾರ್ ಒಂದೊಂದು ತುಂಡು ಒಂದು ಮೂಟೆ ಕಾಫಿಗಿಂತ ಭಾರ, ಬಿಟ್ರೆ ಎರಡು ನಿಮಿಷದ ಕೆಲಸ, ಬಿಡ್ಲಾ ಅಂತ ಮರ್ಯಾದೆಯಿಂದಲೇ ಕೇಳ್ದ. ಬೇಡಪ್ಪ ನಿಧಾನಕ್ಕೇ ಮಾಡಿ ಅಂತ ಜಗಲಿಗೆ ವಾಪಸ್ ಹೋದ್ರು. ಸೊಪ್ಪು ಒಟ್ಟಿದ ಜಾಗದಲ್ಲಿ ಮಾತ್ರ ಹುಲ್ಲು ಮಲಗಿತ್ತು, ಕುಂಟೆಯಲ್ಲಿ ಬಾಚಿ ಎಬ್ಬಿಸಿದ್ವಿ. ಒಂದು ಕಡೆ ಅಂಗೈಯಗಲ ಕುಸಿದಿತ್ತು, ನರ್ಸರಿ ಅಣ್ಣ ಹೇಳಿದಂಗೆ ಫೋರ್ಕಲ್ಲಿ ಮೀಟಿ ಸರಿ ಮಾಡಿದ್ವಿ. ದುಡ್ಡು ಅವತ್ತೇ ಸಾಯಂಕಾಲ ಪೂರ್ತಿ ಬಂತು.

ಈಗ ಅವ್ರದ್ದೇ ಇನ್ನೊಂದು ಪ್ರಶ್ನೆ. ನೆಲಕ್ಕೆ ಸಮ ಕೊಯ್ದ ಬೊಡ್ಡೆ ಹುಲ್ಲಿನ ಮಧ್ಯೆ ಕಾಣ್ತಿದೆ, ಜೆಸಿಬಿ ತರ್ಸಿ ಕೀಳಿಸ್ಲಾ ಅಂತಿದಾರೆ. ನಾನು ಬೇಡ ಅಂದಿದೀನಿ. ಏನ್ ಹೇಳ್ತೀರ?

ಹಾಸನ ನರ್ಸರಿ:
ಬೇಡ ಅಂದಿದ್ದು ಸರಿ, ಜೆಸಿಬಿ ಬಂದ್ರೆ ನೀವು ಉಳಿಸಿದ ಲಾನ್ ಎಲ್ಲ ಹೋಗುತ್ತೆ, ಬೇರಿನ ಜೊತೆ ಪೈಪೂ ಕಿತ್ತು ಬರುತ್ತೆ. ಬೊಡ್ಡೆ ಸುತ್ತ ಒಂದಡಿ ಹುಲ್ಲು ಚೌಕ ಕೊಯ್ದು ಪಕ್ಕಕ್ಕಿಟ್ಟು, ಮಣ್ಣು ಬಿಡಿಸಿ, ಬೊಡ್ಡೆನ ನೆಲದಿಂದ ಆರಿಂಚು ಕೆಳಗೆ ಮಟ್ಟ ಮಾಡಿ. ಚೈನ್‌ಗೆ ಮಣ್ಣು ತಾಗಿದ್ರೆ ಮೊಂಡಾಗುತ್ತೆ, ಹಾರೆ ಕೊಡಲಿನೇ ಒಳ್ಳೇದು. ಮೇಲೆ ಮಣ್ಣು ಗೊಬ್ಬರ ತುಂಬಿ ತುಳಿದು ಅದೇ ಹುಲ್ಲು ಕೂರಿಸಿ, ಸುತ್ತಲಿನ ನೆಲಕ್ಕಿಂತ ಒಂದಿಂಚು ಎತ್ತರ ಇರ್ಲಿ. ಕೆಳಗೆ ಮರ ಕೊಳೀತಾ ಬಂದಂಗೆ ಅಲ್ಲಿ ನೆಲ ಕುಸಿಯುತ್ತೆ, ಮಳೆಗಾಲದಲ್ಲಿ ಅಣಬೆನೂ ಏಳಬಹುದು. ಎರಡನ್ನೂ ಓನರ್ರಿಗೆ ಈಗ್ಲೇ ಹೇಳಿಬಿಡಿ, ವರ್ಷಕ್ಕೊಂದು ಸರ್ತಿ ಒಂದು ಬಾಣಲಿ ಮಣ್ಣು ಹಾಕಿದ್ರೆ ಸಾಕು ಅಂತ.